ಮರುಕೂಗು

ಬೆಳಿಗ್ಗೆ ಎದ್ದಾಗಲೇ ನಾಗಪತಿಯ ಗಂಟಲು ಕಟ್ಟಿತ್ತು. ಮಧ್ಯಾಹ್ನ ಮೈಕಿನ ಮುಂದೆ ನಿಲ್ಲಬೇಕಾದವನಿಗೆ ಇದಕ್ಕಿಂತ ಅಪಶಕುನ ಬೇಕೆ ಎಂದುಕೊಂಡ. ಶಕುನ ಗಿಕುನ ನಂಬಬೇಡಿ ಎಂದು ಊರೂರಿಗೆ ಹೇಳಿ ತಿರುಗುವ ಗ್ರಾಮಸೇವಕ ತಾನೇ ಎಂಬುದು ನೆನಪಾಗಿ, ಬಚ್ಚಲಿನಲ್ಲಿ ಒಬ್ಬನೇ ನಾಚಿದ. ‘ಮಾನ್ಯ ಅತಿಥಿಗಳೇ’ ಎಂದು ಹೇಳಿ ನೋಡಿದ. ಪಕ್ಕದ ಮನೆಯಲ್ಲಿ ಯಾರೋ ಮಂಚ ಎಳೆದ ಹಾಗೆ ಕೇಳಿಸಿತು. ಇದು ಶೀತದ ಕಾಟವಲ್ಲ ಎಂದು ಅವನಿಗೆ ಗೊತ್ತಿತ್ತು. ಚಿಕ್ಕಂದಿನಿಂದ ಹೀಗೆಯೇ. ಶಾಲೆಗೆ ಇನ್‌ಸ್ಪೆಕ್ಟರು ಬಂದ ದಿನ, ಮದುವೆಯಲ್ಲಿ ಮಂತ್ರ ಹೇಳಬೇಕಾದ ಹೊತ್ತು, ತೋಟ ನೋಡಿಕೊಂಡು ಕೂರುವುದು ತನ್ನಿಂದಾಗದು, ಸರಕಾರ ಹಳ್ಳಿಗಳನ್ನು ಕಟ್ಟಲು ಹೊರಟಿದೆ, ತಾನೂ ಹೋಗುತ್ತೇನೆ ಎಂದು ಅಪ್ಪನ ಎದುರು ನಿಂತು ಹೇಳಬೇಕಾದ ದಿನ, ಹೀಗೆ ಮಾತು ಬೇಕಾದಾಗಲೆಲ್ಲ ಗಂಟಲು ಅವನ ಕೈಬಿಟ್ಟಿತ್ತು. ಅಪ್ಪನಿಗೆ ಆ ಮಾತನ್ನು ಕೊನೆಗೆ ಅಮ್ಮನ ಬಾಯಿಂದ ಹೇಳಿಸಿದ್ದ. ಹೊನ್ನಾವರದ ಬಸ್ಸು ಹತ್ತುವಾಗಲೂ ಅಪ್ಪ ಅವನ ಮುಖ ನೋಡಿರಲಿಲ್ಲ. ಹೇಳಿದವಳು ಅಮ್ಮ, ಸಿಟ್ಟು ತನ್ನ ಮೇಲೆ ಯಾಕೆ ಎಂದು ಬಸ್ಸಿನಲ್ಲಿ ಕುಳಿತು ಯೋಚಿಸಿದ್ದು ಈಗಲೂ ನೆನಪಿತ್ತು.

ಹೆಂಡತಿ ವಸಂತಿ ಕಾಳುಮೆಣಸಿನ ಕಷಾಯ ತಂದು ಎದುರು ಹಿಡಿದಳು. “ಎಂತಕ್ಕೆ ಇಷ್ಟು ತಲೆಬಿಸಿ? ಭಾಷಣ ಮಾಡದು ಬೆಂಗಳೂರಿಂದ ಬಪ್ಪ ಸಾಹೇಬರಲ್ದಾ?”

“ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನ ಆನು ಕನ್ನಡದಲ್ಲಿ ಹೇಳವು. ಬೇರೆ ಯಾರೂ ಇಲ್ಲೆ.”

“ಹಂಗಾರೆ ಹೆದರಿಕೆ ಎಂತಕ್ಕೆ? ಮಾತು ನಿಂಗಳದ್ದಲ್ಲ.”

ಅವಳು ಸಮಾಧಾನಕ್ಕೆ ಹೇಳಿದ್ದೇ ಹೌದು. ಆದರೂ ಅದು ಅವನಿಗೆ ಎಲ್ಲಿಯೋ ಚುಚ್ಚಿತು. ಊಟಕ್ಕೆ ಬರುವುದಿಲ್ಲವೆಂದು ಕೈಸನ್ನೆಯಲ್ಲೇ ತಿಳಿಸಿ, ಇಸ್ತ್ರಿ ಮಾಡಿದ ಖಾದಿ ಅಂಗಿ ಹಾಕಿಕೊಂಡು ಸೈಕಲ್ ಹತ್ತಿದ.

ಕುಮಟೆಯ ಪೇಟೆ ದಾಟಿ ಬಾಡದ ರಸ್ತೆಗೆ ಬಿದ್ದ ಮೇಲೆ ಗಾಳಿಯಲ್ಲಿ ಉಪ್ಪಿನ ವಾಸನೆ ಸಿಕ್ಕಿತು. ಮಳೆ ಬಿಟ್ಟಿತ್ತು. ಅಕ್ಟೋಬರದ ಬಿಸಿಲು ಎಳೆಯದಾಗಿ, ಒಂದು ತೆರನ ಮೋಸದ ಹಾಗೆ, ಎಲ್ಲವನ್ನೂ ಚಂದ ಮಾಡಿ ತೋರಿಸುತ್ತಿತ್ತು. ಬಾಡದಿಂದಾಚೆ ಹೊಳೆಯ ಕಡೆ ತಿರುಗಿದರೆ ದೊಡ್ಡ ಗಜನಿ. ಹೊಳೆ ಸಮುದ್ರಕ್ಕೆ ಸೇರುವಲ್ಲಿ ಉಪ್ಪುನೀರನ್ನು ಮಣ್ಣಿನ ಒಡ್ಡು ಕಟ್ಟಿ ತಡೆದು, ಅದರ ಮಗ್ಗುಲಲ್ಲಿ ಕಗ್ಗ ಭತ್ತ ಬೆಳೆಯುವ ತಗ್ಗು ಬಯಲು ಅದು. ಒಡ್ಡಿನ ನಡುವೆ ಮರದ ಹಲಗೆಯ ಬಾಗಿಲು. ಅದಕ್ಕೆ ಜಂತ್ರಡಿ ಎನ್ನುತ್ತಾರೆ. ಒಂದು ಕಡೆ ಸಮುದ್ರ ಉಸಿರಾಡುತ್ತಿರುತ್ತದೆ, ಇನ್ನೊಂದು ಕಡೆ ಹಾಲಕ್ಕಿ ಒಕ್ಕಲಿಗರ ಕೇರಿಯಾದ ಕೊಪ್ಪದ ಇಡೀ ವರ್ಷದ ಅನ್ನ ತೆನೆ ತೂಗುತ್ತಿರುತ್ತದೆ. ನಡುವೆ ಇರುವುದು ಮಣ್ಣು ಮಾತ್ರ. ಮೊದಲ ಸಲ ನೋಡಿದಾಗ ನಾಗಪತಿ ಸೈಕಲ್ ಇಳಿದು ನಿಂತಿದ್ದ. ಇಷ್ಟು ದೊಡ್ಡ ಅಪಾಯವನ್ನು ಪಕ್ಕದಲ್ಲಿಟ್ಟುಕೊಂಡು ಈ ಜನ ಎಲೆ ಅಡಿಕೆ ಹಾಕಿಕೊಂಡು ಹೇಗೆ ಕೂತಿರುತ್ತಾರೆ, ಇವರಿಗೆ ಒಂದು ವ್ಯವಸ್ಥೆ ಬೇಡವೆ ಎಂದು ಅವತ್ತೇ ಅನ್ನಿಸಿತ್ತು. ತರಬೇತಿ ಕೇಂದ್ರದಲ್ಲಿ ಮಾಸ್ತರರು ಕಪ್ಪುಹಲಗೆಯ ಮೇಲೆ ವೃತ್ತ ಬರೆದು, ಜನಶಕ್ತಿ ಮಲಗಿದೆ, ನೀವು ಹೋಗಿ ಎಬ್ಬಿಸಬೇಕು ಎಂದಿದ್ದರು. ನಾಗಪತಿ ಎಬ್ಬಿಸಲು ಬಂದಿದ್ದ. ಎಬ್ಬಿಸಬೇಕಾದವರಿಗೆ ಹಾಸಿಗೆಯೇ ಇರಲಿಲ್ಲ. ಗ್ರಾಮಸೇವಕ ಅಂದರೆ ಊರಿನ ಆಳು ಎಂದರ್ಥ, ನನ್ನನ್ನು ಒಡೆಯಾ ಎನ್ನಬೇಡಿ ಎಂದು ಮೊದಲ ದಿನ ಹೇಳಿದಾಗ ಕೊಪ್ಪದ ಹಿರಿಯ ಹೊನ್ನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. “ಆಳು ಸೈಕಲ್ ಮೇಲೆ ಬತ್ತನ್ಯಾ ಒಡ್ಯಾ?” ಎಂದಿದ್ದ.

ಆಗ ಕೊಪ್ಪದಲ್ಲಿ ಇದ್ದದ್ದು ಕೂ ಮಾತ್ರ. ಒಡ್ಡಿನಲ್ಲಿ ನೀರು ಜಿನುಗುವುದನ್ನು ಯಾರು ಕಂಡರೂ, ಗಂಡಸಾಗಲಿ ಹೆಂಗಸಾಗಲಿ, ಅಲ್ಲೇ ನಿಂತು ಕೂ ಹಾಕಬೇಕು. ಅದು ಕಿವಿಗೆ ಬಿದ್ದವರು ಕೈಯಲ್ಲಿ ಏನಿದ್ದರೂ ಕೆಳಗಿಟ್ಟು, ಮೊದಲು ತಿರುಗಿ ಓ ಎಂದು ಕೂಗಿ, ಆಮೇಲೆ ಗುದ್ದಲಿ ಬುಟ್ಟಿ ಹಿಡಿದು ಓಡಬೇಕು. ಆ ಮರುಕೂಗು ಬರುವವರೆಗೆ ಕೂಗಿದವರು ಬಾಯಿ ಮುಚ್ಚುವಂತಿಲ್ಲ. ಮರುಕೂಗು ಬಂತೋ, ಕೂತು ಉಸಿರು ಬಿಡಬಹುದು, ಜನ ಹೊರಟರು ಎಂದರ್ಥ. ನಾಗಪತಿ ಬಂದ ಮೊದಲ ಮಳೆಗಾಲದಲ್ಲಿ ಕೊಪ್ಪದಲ್ಲೊಂದು ಮದುವೆ. ಧಾರೆಯ ಹೊತ್ತಿಗೆ ಹೊಳೆಯ ಕಡೆಯಿಂದ ಕೂ ಬಂತು. ಮದುಮಗನ ಅಪ್ಪನೂ ಸೇರಿ ಇಡೀ ಚಪ್ಪರ ಒಮ್ಮೆಗೇ ಓ ಎಂದು ಕೂಗಿ ಎದ್ದು ಓಡಿತು. ಚಪ್ಪರದಲ್ಲಿ ಉಳಿದವರು ಮದುಮಕ್ಕಳು ಮತ್ತು ನಾಗಪತಿ. ಮದುಮಗಳು ಸೆರಗಿನ ಮರೆಯಲ್ಲಿ ನಗುತ್ತಿದ್ದಳು, ಇವನು ಕೈಯಲ್ಲಿ ಪಾನಕದ ಲೋಟ ಹಿಡಿದು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದ. ಆಮೇಲೆ ಅವನೂ ಹೋದ. ಮಳೆಯಲ್ಲಿ ಕುತ್ತಿಗೆಯವರೆಗೆ ನೀರಿನಲ್ಲಿ ನಿಂತು ಮಣ್ಣಿನ ಬುಟ್ಟಿ ದಾಟಿಸುತ್ತಿದ್ದವರ ಸಾಲಿನಲ್ಲಿ ಒಬ್ಬ ಮುದುಕಿ ಇದ್ದಳು. ನೆರೆತ ಕೂದಲು ಮುಖಕ್ಕೆ ಅಂಟಿತ್ತು, ಕೊರಳ ತುಂಬ ಇದ್ದ ಮಣಿಸರಗಳ ಮೇಲೆ ಕೆಸರು ಇಳಿಯುತ್ತಿತ್ತು. ಅವತ್ತು ಕೂ ಹಾಕಿದವಳೂ ಅವಳೇ ಎಂದು ಆಮೇಲೆ ತಿಳಿಯಿತು. ಮಂಜಿ. ಗಂಡ ಸತ್ತು ಬಹಳ ಕಾಲವಾಗಿತ್ತು, ಮಗಳನ್ನು ಭಟ್ಕಳದ ಹತ್ತಿರ ಮುಟ್ಟಳ್ಳಿಗೆ ಕೊಟ್ಟಿದ್ದಳು, ಗಜನಿಯಲ್ಲಿ ಒಂದು ಹಾಳೆಯಷ್ಟಗಲದ ಗದ್ದೆ. ಅವಳ ದನಿ ಹೊಳೆಯಾಚೆಯ ದಂಡೆಗೆ ಮುಟ್ಟುತ್ತದೆ ಎಂದು ಕೊಪ್ಪದವರು ತಮ್ಮದೇ ಆಸ್ತಿಯೆಂಬಂತೆ ಹೇಳಿಕೊಳ್ಳುತ್ತಿದ್ದರು. ಸಸಿ ನೆಡುವ ನೆಟ್ಟಿಯ ಕಾಲಕ್ಕೆ ಅವಳು ಪದ ಎತ್ತಿಕೊಟ್ಟರೆ ಉಳಿದವರ ಬೆನ್ನು ನೋವು ಕಡಿಮೆಯಾಗುತ್ತದಂತೆ. ನಾಗಪತಿಗೆ ದನಿ ಕೇಳಿಸಲಿಲ್ಲ, ನೆರೆತ ಕೂದಲು ಕಾಣಿಸಿತು. ಆ ರಾತ್ರಿ ವಸಂತಿಯ ಎದುರು ಅವನ ಕಣ್ಣಲ್ಲಿ ನೀರು ಬಂದಿತ್ತು. ಒಳ್ಳೆಯ ಕಣ್ಣೀರು ಅದು, ಅದನ್ನು ಅವನು ಈಗಲೂ ಸಂಶಯಿಸಲಾರ.

ಆ ಕಣ್ಣೀರಿನಿಂದಲೇ ಸಂಘ ಹುಟ್ಟಿದ್ದು. ಒಡ್ಡು ಸಂರಕ್ಷಣಾ ಸಂಘ ಎಂದು ತಗಡಿನ ಮೇಲೆ ಬರೆಸಿ ಶಾಲೆಯ ಗೋಡೆಗೆ ಹೊಡೆಸಿದ. ಹೊನ್ನ ಅಧ್ಯಕ್ಷನಾದ, ಅವನಿಗೊಂದು ಗಾಂಧಿಟೊಪ್ಪಿ ಬಂತು. ಒಬ್ಬನಿಗೆ ಹೆಚ್ಚು ಒಬ್ಬನಿಗೆ ಕಡಿಮೆ ಆಗದ ಹಾಗೆ ದಿನಕ್ಕೊಂದು ಮನೆಯಂತೆ ಪಾಳಿ ಬಂತು. ಪಾಳಿಯವನು ಬೆಳಿಗ್ಗೆ ಸಂಜೆ ಒಡ್ಡು ಸುತ್ತಿ ನೋಡಬೇಕು, ಜಿನುಗಿದರೆ ಅವನೇ ಮುಚ್ಚಬೇಕು, ಆಗದಿದ್ದರೆ ಅಧ್ಯಕ್ಷನಿಗೆ ತಿಳಿಸಬೇಕು. ವಿಧವೆಯರಿಗೂ ವೃದ್ಧರಿಗೂ ಪಾಳಿಯಿಂದ ವಿನಾಯಿತಿ. ಆ ಮಾತು ಹೇಳಿದಾಗ ಬ್ಲಾಕ್ ಆಫೀಸಿನಿಂದ ಬಂದವರೆಲ್ಲ ಚಪ್ಪಾಳೆ ತಟ್ಟಿದರು, ಕೊಪ್ಪದವರೂ ತಟ್ಟಿದರು. ಮಂಜಿ ಹಿಂದೆ ಕಂಬಕ್ಕೊರಗಿ ನಿಂತಿದ್ದಳು. ಅವಳಿಗೆ ಸಂತೋಷವಾಗಿರಬೇಕು ಎಂದು ಅವನು ನಂಬಿದ. ಎಲ್ಲವೂ ಸುಸೂತ್ರವಾಗಿಯೇ ನಡೆಯಿತು, ಕೂ ನಿಂತುಹೋಯಿತು. ಯಾರೂ ಬೇಡವೆಂದಿರಲಿಲ್ಲ, ಬರೇ, ಪಾಳಿಯಿಲ್ಲದವನು ಜಿನುಗು ಕಂಡರೆ ಪಾಳಿಯವನಿಗೆ ಹೇಳಿದರಾಯಿತು ಎಂದು ಹೋಗುತ್ತಿದ್ದ, ಪಾಳಿಯವನು ತನ್ನ ಕೆಲಸಕ್ಕೆ ನೆರೆಯವರನ್ನು ಕರೆಯಲು ನಾಚುತ್ತಿದ್ದ. ಕೊಯ್ಲು ಮುಗಿದು ಜಂತ್ರಡಿ ತೆಗೆದು ಗಜನಿಯ ಮೀನು ಹಿಡಿಯುವ ದಿನ ಬಂದಾಗ ಮಾತ್ರ ಒಂದು ಸಣ್ಣ ತೊಡಕಾಯಿತು. ಮೀನಿನ ಪಾಲು ಒಡ್ಡಿಗೆ ಮಣ್ಣು ಹಾಕಿದ ಕೈಗಳಿಗೆ ಎಂಬುದು ಅಲ್ಲಿಯ ರೂಢಿ. ಮಂಜಿ ಬುಟ್ಟಿ ತರದೆ ದಂಡೆಯ ಮೇಲೆ ನಿಂತು ನೋಡುತ್ತಿದ್ದಳು. ನಾಗಪತಿಯೇ ಮುಂದಾಗಿ ಒಳ್ಳೆಯ ಮೀನು ಆರಿಸಿ, ಬಾಳೆಲೆಯಲ್ಲಿ ಕಟ್ಟಿಸಿ ಅವಳ ಮನೆಗೆ ಕಳಿಸಿದ. ಮೀನು ಮುಟ್ಟದ ಜಾತಿಯವನು ಮೀನು ಕಳಿಸಿದ ಎಂದು ಜನ ಮೆಚ್ಚಿ ಮಾತಾಡಿಕೊಂಡರು. ಸಂಜೆಗೆ ಅವಳು ಎಲೆಯ ಪೊಟ್ಟಣವನ್ನು ಹಾಗೇ ತಂದು ಶಾಲೆಯ ಜಗುಲಿಯ ಮೇಲಿಟ್ಟಳು. “ನಾ ಮಣ್ಣು ಹಾಕ್ಲಿಲ್ಲ ಒಡ್ಯಾ. ಇದು ನಂದಲ್ಲ” ಎಂದಳು. ಸಿಟ್ಟಿನಿಂದ ಹೇಳಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಯಾರದೋ ಸಾಮಾನು ತಪ್ಪಿ ತನ್ನ ಮನೆಗೆ ಬಂದಿತ್ತು ಎಂಬಂತೆ ಹೇಳಿ ಹೋದಳು. ಸ್ವಾಭಿಮಾನ ಎಂದು ಅವನು ವಸಂತಿಗೆ ವರ್ಣಿಸಿದ.

ಸೈಕಲ್ಲನ್ನು ಒಡ್ಡಿಗೆ ಒರಗಿಸಿ ಜಂತ್ರಡಿಯವರೆಗೆ ನಡೆದ. ಅತಿಥಿಗಳನ್ನು ಊಟದ ಮೊದಲು ಇಲ್ಲಿಗೆ ಕರೆತರಬೇಕು, ಎಲ್ಲಿ ನಿಲ್ಲಿಸಿದರೆ ಗಜನಿ ಪೂರ್ತಿ ಕಾಣುತ್ತದೆ ಎಂದು ನೋಡಿಕೊಳ್ಳಲು ಬಂದಿದ್ದ. ಹೊಳೆ ತುಂಬುತ್ತಿತ್ತು. ಅಮಾವಾಸ್ಯೆಯ ಉಬ್ಬರ ಎಂದು ಆಗ ಹೊಳೆಯಿತು. ಹಲಗೆಯ ಪಕ್ಕದಲ್ಲಿ, ಒಳಮಗ್ಗುಲ ಇಳಿಜಾರಿನಲ್ಲಿ, ಮಣ್ಣು ಕಪ್ಪಾಗಿ ಒದ್ದೆಯಾಗಿತ್ತು. ಬಾಗಿ ಬೆರಳಿಟ್ಟ. ನೀರು ಬೆರಳನ್ನು ತಳ್ಳಿತು. ನಾಲಗೆಗೆ ಹಚ್ಚಿದ, ಉಪ್ಪು. ಗಾಬರಿಯಲ್ಲಿ ಬೆರಳನ್ನು ಖಾದಿ ಅಂಗಿಗೇ ಒರೆಸಿಕೊಂಡ. ಒಂದು ಮುಷ್ಟಿ ಮಣ್ಣು ತೆಗೆದು ಒತ್ತಿದ, ಅದು ಜಾರಿತು, ಇನ್ನೊಂದು ಒತ್ತಿದ. ಸುತ್ತ ಯಾರೂ ಇರಲಿಲ್ಲ. ತೆನೆ ಬಾಗಿದ ಭತ್ತ ಗಾಳಿಗೆ ಸರಸರ ಎನ್ನುತ್ತಿತ್ತು. ಕೂ ಹಾಕಬೇಕು ಎಂದು ಅವನಿಗೆ ತಟ್ಟನೆ ಹೊಳೆಯಿತು, ಅಷ್ಟೇ ತಟ್ಟನೆ ನಾಚಿಕೆಯೂ ಆಯಿತು. ಆದರೂ ಬಾಯಿ ತೆರೆದ. ಹೊರಟಿದ್ದು ಗಾಳಿ. ಇನ್ನೊಮ್ಮೆ ಎಳೆದು ಕೂಗಿದಾಗ ಬಾಯಿಂದ ಬಂದದ್ದು ಕೆಮ್ಮಿಗೂ ಅಳುವಿಗೂ ನಡುವಿನ ಏನೋ ಒಂದು. ಗದ್ದೆಯಿಂದ ಒಂದು ಬೆಳ್ಳಕ್ಕಿ ಎದ್ದು ಸ್ವಲ್ಪ ದೂರ ಹಾರಿ ಮತ್ತೆ ಕೂತಿತು. ಯಾರಾದರೂ ನೋಡಿದರೇ ಎಂದು ಅವನು ಸುತ್ತ ಕಣ್ಣಾಡಿಸಿದ. ಪಾಳಿ ಇದೆಯಲ್ಲ, ಪಾಳಿಯವನಿಗೆ ಹೇಳಿದರಾಯಿತು, ಅದಕ್ಕೇ ಅಲ್ಲವೆ ವ್ಯವಸ್ಥೆ ಮಾಡಿದ್ದು ಎಂದು ಧೈರ್ಯ ತಂದುಕೊಂಡು ಸೈಕಲ್ ಹಿಡಿದ.

ಒಡ್ಡಿನ ಕೊನೆಯಲ್ಲಿ ಮಂಜಿ ಹುಲ್ಲು ಕೊಯ್ಯುತ್ತಿದ್ದಳು. ಅವನನ್ನು ಕಂಡು ಕತ್ತಿ ಕೆಳಗಿಟ್ಟು ನಿಂತಳು.

“ಇವತ್ತು ಬತ್ತಿಲ್ಲನೇ ಶಾಲೆ ಹತ್ರ? ಎಲ್ಲಾ ಬಂದಿರ್ತ್ರು” ಎಂದ.

“ನಂಗೆಂತ ಕೆಲ್ಸ ಅಲ್ಲಿ ಒಡ್ಯಾ? ಸಂಘದವ್ರೆಲ್ಲ ಬತ್ರಲಾ.” ಅವಳು ಅವನ ಅಂಗಿಯನ್ನು ನೋಡಿದಳು. “ಮಣ್ಣಾಗ್ಯದೆ” ಎಂದಳು.

ಅವನು ಅಂಗಿ ಕೊಡವಿಕೊಂಡ. ಹೇಳಬೇಕು ಎಂದುಕೊಂಡ. ಇವಳಿಗೆ ಒಂದು ಮಾತು ಹೇಳಿದರೆ ಸಾಕು, ನಿಂತಲ್ಲೇ ಕೂ ಹಾಕುತ್ತಾಳೆ, ಇಡೀ ಕೊಪ್ಪ ಗುದ್ದಲಿ ಹಿಡಿದು ಓಡಿ ಬರುತ್ತದೆ. ಆಮೇಲೆ ಜೀಪು ಬಂದಾಗ ಶಾಲೆಯ ಮುಂದೆ ಯಾರಿರುತ್ತಾರೆ? ಖಾಲಿ ಬೆಂಚುಗಳು, ತಗಡಿನ ಬೋರ್ಡು, ತಾನು. ಅಲ್ಲದೆ ವಿನಾಯಿತಿ ಕೊಟ್ಟವಳ ಕೈಯಲ್ಲೇ ಮತ್ತೆ ಕೂಗಿಸುವುದೆಂದರೆ ಮಾಡಿದ್ದನ್ನೆಲ್ಲ ತಾನೇ ಅಳಿಸಿದ ಹಾಗೆ. ಈ ಎರಡನೆಯ ಕಾರಣ ಮೊದಲನೆಯದಕ್ಕಿಂತ ಮರ್ಯಾದಸ್ಥವಾಗಿ ಕಂಡಿತು, ಅದನ್ನೇ ಹಿಡಿದುಕೊಂಡ. “ಬಿಸಿಲಾಗ್ಯದೆ, ಮನೆಗೆ ಹೋಗು” ಎಂದು ಕನಿಕರದಿಂದ ಹೇಳಿ ಪೆಡಲು ತುಳಿದ.

ಶಾಲೆಯ ಮುಂದೆ ಚಪ್ಪರಕ್ಕೆ ಮಾವಿನ ಟೊಂಗೆ ಕಟ್ಟುತ್ತಿದ್ದ ಮಂಜ ಅವತ್ತಿನ ಪಾಳಿಯವನು. ನಾಗಪತಿ ಅವನನ್ನು ಬದಿಗೆ ಕರೆದು ಹೇಳಿದ. ಮಂಜ ಒಂದು ಸಲ ಹೊಳೆಯ ಕಡೆ ನೋಡಿದ, ಒಂದು ಸಲ ಅರ್ಧ ಕಟ್ಟಿದ ತೋರಣ ನೋಡಿದ.

“ಪಾಳಿ ನಂದೇ ಹೌದು. ನೀವೇ ಇಲ್ಲಿಗೆ ಬರುಕೆ ಹೇಳಿದ್ರಲಾ? ಎಂತ ಮಾಡೂದು ಹೇಳಿ. ಇದು ಬಿಟ್ಟು ಹೋಗ್ಲಾ?”

ಅಷ್ಟರಲ್ಲಿ ಕುಮಟೆಯಿಂದ ಬಂದ ಮೈಕಿನವನು ಕಂಬಕ್ಕೆ ತುತ್ತೂರಿ ಕಟ್ಟಿ ಹಲೋ ಹಲೋ ಎನ್ನತೊಡಗಿದ. ಹೊನ್ನ ಒಗೆದ ಅಂಗಿ, ಟೊಪ್ಪಿ ಹಾಕಿಕೊಂಡು ಬಂದ. ಅವನಿಗೂ ಹೇಳಿದ್ದಾಯಿತು. “ಜಾಸ್ತಿ ಅದೆಯಾ?” ಎಂದು ಹೊನ್ನ ಕೇಳಿದ. ಜಾಸ್ತಿ ಎಂದರೆ ಎಷ್ಟು? ನಾಗಪತಿಗೆ ಬೆರಳನ್ನು ತಳ್ಳಿದ ನೀರಿನ ಬಲ ನೆನಪಾಯಿತು. “ಅಷ್ಟೇನಿಲ್ಲ” ಎಂದ. ಹಾಗೆ ಯಾಕೆ ಹೇಳಿದೆ ಎಂದು ಅವನಿಗೇ ತಿಳಿಯಲಿಲ್ಲ. “ಹಂಗಾರೆ ಊಟ ಆದ್ಮೇಲೆ ಎಲ್ಲಾ ಹೋಗುವಾ, ಆತಾ?” ಎಂದ ಹೊನ್ನ. ಆತು ಎಂದ ನಾಗಪತಿ. ಆತು ಎಂದ ಮಂಜ, ಮತ್ತೆ ಏಣಿ ಹತ್ತಿದ. ಈಗ ಜವಾಬ್ದಾರಿ ಮೂವರಲ್ಲಿ ಹಂಚಿಹೋಗಿತ್ತು, ಯಾರಿಗೂ ಭಾರವಾಗಲಿಲ್ಲ.

ಜೀಪುಗಳು ತಡವಾಗಿ ಬಂದವು. ದೊಡ್ಡ ಸಾಹೇಬರು ಉತ್ತರದ ಕಡೆಯವರು, ಎತ್ತರದ ಆಳು, ನಡೆಯುವಾಗ ಪಂಚೆಯುಟ್ಟವರ ನಡುವೆ ತಗ್ಗಿ ತಗ್ಗಿ ಎಲ್ಲರಿಗೂ ಕೈಮುಗಿಯುತ್ತ ಬಂದರು. ಒಳ್ಳೆಯವರೇ. ಇಂಥ ಮನುಷ್ಯನ ಎದುರು ತಾನು ಮಾಡಿದ್ದು ಕಾಣಬೇಕು ಎಂದು ನಾಗಪತಿಗೆ ಬಾಯಾರಿದವನಿಗೆ ನೀರು ಬೇಕೆನಿಸುವ ಹಾಗೆ ಬೇಕೆನಿಸಿತು. ಇದು ಸರಿಯಾಗಿ ಕಂಡರೆ ಹೊನ್ನಾವರದ ಗಜನಿಗಳಿಗೂ ಭಟ್ಕಳದ ಕಡೆಗೂ ಇಂಥ ಸಂಘಗಳು ಬರುತ್ತವೆ, ಎಲ್ಲಕ್ಕೂ ಮೊದಲು ಬಾಡದ ಹೆಸರು ಹೇಳುತ್ತಾರೆ. ಮೊದಲು ಮುಂಬಯಿಗೆ ಹೋಗಿ ಕಳೆದುಹೋಗುತ್ತಿದ್ದ ಈ ಕಡೆಯ ಅಹವಾಲುಗಳು ಈಗ ಬೆಂಗಳೂರಿಗೆ ಹೋಗಿ ಕಳೆದುಹೋಗುತ್ತಿದ್ದವು. ಇವತ್ತು ಬೆಂಗಳೂರೇ ಎದ್ದು ಬಂದಿತ್ತು. ಹೊನ್ನನನ್ನು ಸಾಹೇಬರ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಅತಿಥಿಗಳು ಮಾತಾಡುವಾಗ ಅಧ್ಯಕ್ಷರು ಎದ್ದು ಹೋಗಬಾರದು, ಆಕಳಿಸಬಾರದು, ಎಲೆ ಅಡಿಕೆ ಉಗುಳಬಾರದು ಎಂದು ನಾಗಪತಿ ಹಿಂದಿನ ದಿನ ಕಲಿಸಿದ್ದ. ಹೊನ್ನ ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು, ಫೋಟೋ ತೆಗೆಸಿಕೊಳ್ಳುವವನಂತೆ ಕೂತಿದ್ದ. ಕೆಳಗೆ ಚಾಪೆಯ ಮೇಲೆ ಇಡೀ ಕೊಪ್ಪ.

ಸಾಹೇಬರು ಒಂದು ವಾಕ್ಯ ಹೇಳಿ ನಿಲ್ಲಿಸುವರು, ನಾಗಪತಿ ಅದನ್ನು ಕನ್ನಡದಲ್ಲಿ ಹೇಳುವನು. ಕಟ್ಟಿದ ಗಂಟಲಿನಿಂದ ಬಂದದ್ದನ್ನು ತುತ್ತೂರಿ ದೊಡ್ಡದು ಮಾಡಿ ಗದ್ದೆಗಳ ಮೇಲೆ ಎಸೆಯುತ್ತಿತ್ತು. ‘ಹಳ್ಳಿಯ ಜನ ತಾವಾಗಿಯೇ ಎಚ್ಚೆತ್ತಾಗ ಮಾತ್ರ ದೇಶ ಏಳುತ್ತದೆ.’ ಚಪ್ಪಾಳೆ. ‘ನಿಮ್ಮ ಒಡ್ಡನ್ನು ಕಾಯಲು ನೀವೇ ಇದ್ದೀರಿ.’ ಚಪ್ಪಾಳೆ. ಮುಂದಿನ ವಾಕ್ಯಕ್ಕೆ ಸಾಹೇಬರು ಉಸಿರು ಎಳೆದುಕೊಂಡ ಸಂದಿನಲ್ಲಿ ಅದು ಬಂತು. ದೂರದಿಂದ, ಹೊಳೆಯ ಕಡೆಯಿಂದ, ತೆಳ್ಳಗೆ, ಒಂದೇ ಎಳೆಯಾಗಿ. ಎಷ್ಟೋ ದಿನಗಳಿಂದ ಆ ಬಯಲಿನಲ್ಲಿ ಕೇಳಿರದ ಕೂ.

ಕೇಳಿಸಲಿಲ್ಲ ಎನ್ನುವ ಹಾಗೇ ಇರಲಿಲ್ಲ. ಚಾಪೆಯ ಮೇಲಿನ ತಲೆಗಳೆಲ್ಲ ಒಂದೇ ಸಲಕ್ಕೆ ತಿರುಗಿದವು. ಮಂಜ ಅರ್ಧ ಎದ್ದಿದ್ದ. ಹೆಂಗಸರ ಸಾಲಿನಲ್ಲಿ ಲಕ್ಕಿ ಎಂಬವಳು ಮಗುವನ್ನು ಸೊಂಟದಿಂದ ಇಳಿಸಿದಳು. ಪಕ್ಕದಲ್ಲಿ ಹೊನ್ನನ ಬಾಯಿ ತೆರೆಯಿತು, ಆ ತೆರೆದ ಬಾಯಲ್ಲಿ ಓ ಎಂಬುದು ನಾಲಗೆಯ ತುದಿಗೆ ಬಂದು ನಿಂತದ್ದನ್ನು ನಾಗಪತಿ ಕಂಡ. ಹೊನ್ನ ಕುರ್ಚಿಯಿಂದ ಏಳುತ್ತಿದ್ದ. ಆಗ ನಾಗಪತಿಯ ಕೈ ಹೋಗಿ ಅವನ ಹೆಗಲ ಮೇಲೆ ಕೂತಿತು. ಕೈಯನ್ನು ತಾನು ಕಳಿಸಿದೆನೋ ಅದೇ ಹೋಯಿತೋ ಅವನಿಗೆ ಗೊತ್ತಾಗಲಿಲ್ಲ. ಒತ್ತಲಿಲ್ಲ, ಬರೇ ಇಟ್ಟ. ಒಂದು ಗಳಿಗೆ, ಈ ವಾಕ್ಯ ಮುಗಿಯುವವರೆಗೆ, ಇಷ್ಟೇ ಅವನ ಮನಸ್ಸಿನಲ್ಲಿದ್ದದ್ದು. ಹೊನ್ನ ಅವನ ಮುಖ ನೋಡಿದ. ನಿನ್ನೆ ಕಲಿಸಿದ್ದು ನೆನಪಾಗಿರಬೇಕು. ಕೂತ. ಅಧ್ಯಕ್ಷ ಕೂತದ್ದನ್ನು ಕಂಡು ಮಂಜ ಕೂತ, ಲಕ್ಕಿ ಮಗುವನ್ನು ಎತ್ತಿಕೊಂಡಳು. ತಲೆಗಳು ಒಂದೊಂದಾಗಿ ಮುಂದಕ್ಕೆ ತಿರುಗಿದವು.

“ಏನದು?” ಎಂದು ಸಾಹೇಬರು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು.

“ಹೊಲದಲ್ಲಿ ಹಕ್ಕಿ ಓಡಿಸುತ್ತಿದ್ದಾರೆ” ಎಂದ ನಾಗಪತಿ.

ಸಾಹೇಬರು ನಕ್ಕು ಮುಂದುವರಿಸಿದರು. ಕೂ ಮತ್ತೆ ಬಂತು, ಮತ್ತೆ ಬಂತು. ಇವನು ಕನ್ನಡದಲ್ಲಿ ಹೇಳುವಾಗ ತುತ್ತೂರಿಯ ಗದ್ದಲದಲ್ಲಿ ಮುಚ್ಚಿಹೋಗುವುದು, ಸಾಹೇಬರು ಉಸಿರೆಳೆದುಕೊಳ್ಳುವಾಗ ಮೇಲೇಳುವುದು. ಪ್ರತಿ ಸಲ ಅವಳು ಎಷ್ಟು ಹೊತ್ತು ಕಾದು ಮತ್ತೆ ಕೂಗುತ್ತಿದ್ದಾಳೆ ಎಂಬುದು ಅವನಿಗೆ ತಿಳಿಯುತ್ತಿತ್ತು. ಆ ಕಾಯುವ ಹೊತ್ತಿನಲ್ಲಿ ಕೊಪ್ಪದ ಜನ ನೆಲ ನೋಡುತ್ತಿದ್ದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮೈಕು ತನ್ನ ಬಾಯಿಂದ ಒಂದು ಗೇಣು ದೂರದಲ್ಲಿದೆ, ಒಂದು ಓ ಎಂದರೆ ಹೊಳೆಯಾಚೆಗೂ ಕೇಳುತ್ತದೆ ಎಂದು ನಾಗಪತಿಗೆ ಅನ್ನಿಸಿತು. ಅನ್ನಿಸಿದ್ದನ್ನು ಬಿಟ್ಟು ಸಾಹೇಬರ ಮುಂದಿನ ವಾಕ್ಯವನ್ನು ಹೇಳಿದ. ಆಮೇಲೆ ಯಾವಾಗಲೋ ಕೂ ನಿಂತಿತು. ನಿಂತಿದ್ದು ಕೂಗಿಗಿಂತ ಹೆಚ್ಚು ಕೇಳಿಸಿತು.

ವಂದನಾರ್ಪಣೆಯಾದ ಮೇಲೆ ಎಲ್ಲರೂ ಸಾಹೇಬರ ಹಿಂದೆ ಒಡ್ಡಿಗೆ ಹೊರಟರು. ಕೊಪ್ಪದ ಗಂಡಸರ ಕಾಲುಗಳು ಓಡಲು ನೋಡುತ್ತಿದ್ದವು, ಸಾಹೇಬರನ್ನು ಹಿಂದೆ ಹಾಕಬಾರದೆಂದು ಕಟ್ಟಿಹಾಕಿದ ದನಗಳಂತೆ ಒದ್ದಾಡುತ್ತ ನಡೆದರು. ತಿರುವು ದಾಟಿದ ಮೇಲೆ ನೋಡಿದರೆ, ಬೆಳಿಗ್ಗೆ ಅವನು ಬೆರಳಿಟ್ಟಲ್ಲಿ ಒಡ್ಡೇ ಇರಲಿಲ್ಲ. ಜಂತ್ರಡಿಯ ಹಲಗೆಗಳು ಓರೆಯಾಗಿ ನಿಂತಿದ್ದವು. ಹೊಳೆ ಬಾಯಿಬಿಟ್ಟ ಮಣ್ಣಿನ ನಡುವಿನಿಂದ ಅವಸರವಿಲ್ಲದೆ, ತನ್ನ ಮನೆಗೆ ತಾನು ಬರುವ ಹಾಗೆ, ಒಳಗೆ ಬರುತ್ತಿತ್ತು. ತೆನೆಗಳು ಮುಳುಗಿದ್ದವು. ಎತ್ತರದ ಕೆಲವು ಗದ್ದೆಗಳಲ್ಲಿ ತುದಿ ಮಾತ್ರ ನೀರಿನ ಮೇಲೆ ನಡುಗುತ್ತಿತ್ತು. ಹೆಂಗಸರು ಯಾರೋ ಅಳತೊಡಗಿದರು. ಸಾಹೇಬರು ಟೊಪ್ಪಿ ತೆಗೆದರು. ನಿಜಕ್ಕೂ ನೊಂದುಕೊಂಡರು. ಆಮೇಲೆ, ಇಂಥ ಕಡೆ ಅಪಾಯವನ್ನು ಮುಂಚಿತವಾಗಿ ತಿಳಿಸುವ ಏನಾದರೊಂದು ಏರ್ಪಾಡು ಇರಬೇಕು, ಗಂಟೆಯೋ ಏನೋ, ಅದನ್ನು ನೀವು ಯೋಚಿಸಬೇಕು ಎಂದು ನಾಗಪತಿಗೆ ಹೇಳಿ, ಅವನ ಬೆನ್ನು ತಟ್ಟಿ ಜೀಪಿನ ಕಡೆ ನಡೆದರು. ಅಷ್ಟು ಒಳ್ಳೆಯವರಲ್ಲದಿದ್ದರೆ ಚೆನ್ನಾಗಿತ್ತು ಎಂದುಕೊಂಡ ನಾಗಪತಿ.

ಒಡೆದ ಒಡ್ಡಿನ ಅಂಚಿನಲ್ಲಿ ಮಂಜಿ ಕೂತಿದ್ದಳು. ಸೊಂಟದವರೆಗೆ ಕೆಸರು, ಪಕ್ಕದಲ್ಲಿ ಹುಲ್ಲಿನ ಬುಟ್ಟಿ. ಹುಲ್ಲು ಚೆಲ್ಲಿ ಅದರಲ್ಲೇ ಮಣ್ಣು ಹೊತ್ತು ಹಾಕಿದ್ದಳು ಎಂಬುದು ಕಾಣುತ್ತಿತ್ತು. ಎಷ್ಟು ಬುಟ್ಟಿ ಹಾಕಿದ್ದಳೋ, ಎಲ್ಲವನ್ನೂ ಹೊಳೆ ಒಯ್ದಿತ್ತು. ಜನ ಬಂದದ್ದು ಕಂಡು ಎದ್ದಳು. ನೀರಿನ ಅಡಿಯಲ್ಲಿ ಅವಳ ಗದ್ದೆ ಯಾವುದೆಂದು ಈಗ ಹೇಳುವಂತಿರಲಿಲ್ಲ.

“ಕೂ ಹಾಕ್ದೆ ಹೊನ್ನಣ್ಣ” ಎಂದಳು. ದನಿ ಒಡೆದಿತ್ತು. “ಬಾಳ ಹೊತ್ತು ಹಾಕ್ದೆ. ಯಾರೂ ಓ ಅನ್ಲಿಲ್ಲ. ಕೇಳ್ಲಿಲ್ವಾ ನಿಮ್ಗೆ?”

ಹೊನ್ನ ಟೊಪ್ಪಿಯನ್ನು ಕೈಯಲ್ಲಿ ಹಿಡಿದಿದ್ದ. ಅದನ್ನು ಒಂದು ಸಲ ತಿರುಗಿಸಿದ, ನಾಗಪತಿಯ ಕಡೆ ನೋಡಿದ. ಕೊಪ್ಪದವರೆಲ್ಲ ನಾಗಪತಿಯ ಕಡೆ ನೋಡಿದರು. ಕೇಳಿತ್ತು ಎಂದು ಹೇಳಲು ಬೇಕಾದ ಒಂದೇ ಒಂದು ಮಾತು ಅವನ ಎದೆಯಲ್ಲಿ ಇತ್ತು. ಅದನ್ನು ಹೇಳಿದರೆ ಅವಳು ಹೊನ್ನನನ್ನು, ಮಂಜನನ್ನು, ತನ್ನನ್ನು ಹೇಗೆ ನೋಡುತ್ತಾಳೆ ಎಂಬುದೂ ಅವನಿಗೆ ಕಂಡಿತು.

“ಇಲ್ಲ” ಎಂದ. ಬೆಳಗಿನಿಂದ ಕಟ್ಟಿದ್ದ ಗಂಟಲು ಬಿಟ್ಟಿತ್ತು. ದನಿ ಸ್ವಚ್ಛವಾಗಿ, ದೊಡ್ಡದಾಗಿ ಬಂತು. “ಕೇಳಲಿ‍ಲ್ಲ ಮಂಜಿ.”

“ಮೈಕು ಕೂಗ್ತಿತ್ತಲೆ” ಎಂದ ಹೊನ್ನ.

“ಎಂತದೂ ಕೇಳ್ಲಿಲ್ಲ” ಎಂದ ಮಂಜ. ಹಿಂದಿನಿಂದ ಇನ್ನೂ ಯಾರೋ ಹೌದೆಂದರು, ಲಕ್ಕಿಯೂ ತಲೆ ಆಡಿಸಿದಳು. ಸಂಘದ ಯಾವ ತೀರ್ಮಾನವೂ ಇಷ್ಟು ಬೇಗ, ಇಷ್ಟು ಒಮ್ಮತದಿಂದ ಆಗಿರಲಿಲ್ಲ.

ಮಂಜಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅನುಮಾನದಿಂದಲ್ಲ. ಕೂ ಕೇಳಿಯೂ ಕೊಪ್ಪಕ್ಕೆ ಕೊಪ್ಪವೇ ಕೂತಿರಬಹುದು ಎಂಬುದು ಅವಳ ಯೋಚನೆಗೆ ಬರುವಂಥದ್ದೇ ಆಗಿರಲಿಲ್ಲ. ಅವಳು ಕೆಸರಿನ ಕೈಯನ್ನು ಮೆಲ್ಲಗೆ ಎತ್ತಿ, ಮಣಿಸರಗಳ ನಡುವೆ ಗಂಟಲಿನ ಮೇಲಿಟ್ಟು ಒತ್ತಿ ನೋಡಿಕೊಂಡಳು.

“ಹಂಗಾರೆ ನನ್ ದನಿನೇ ಹೋತು ಕಾಣ್ತದೆ” ಎಂದಳು. ಎಲ್ಲರೆದುರು ಸೀರೆ ಹರಿದದ್ದು ಕಂಡವಳ ಹಾಗೆ ಅವಳಿಗೆ ನಾಚಿಕೆಯಾಗಿತ್ತು. “ಯಾವಾಗ ಹೋತೋ ಏನೋ. ಮುಟ್ತದೆ ಅಂದ್ಕಂಡೆ ನಾನು, ಮುಟ್ತದೆ ಅಂದ್ಕಂಡೇ ನಿಂತೆ. ಓಡಿ ಬಂದು ಹೇಳಿದ್ರಾದ್ರೂ ಆತಿತ್ತು.” ಆಮೇಲೆ ನಾಗಪತಿಯ ಕಡೆ ತಿರುಗಿ, ತಪ್ಪೊಪ್ಪಿಕೊಳ್ಳುವವಳಂತೆ ತಲೆ ತಗ್ಗಿಸಿದಳು. “ನೀವು ನನ್ ಹೆಸ್ರು ತೆಗ್ದದ್ದು ಸಮಾ ಆತು ಒಡ್ಯಾ. ನಂಗೇ ಗೊತ್ತಾಗ್ಲಿಲ್ಲ.”

ಬುಟ್ಟಿಯನ್ನು ಅಲ್ಲೇ ಬಿಟ್ಟು, ಒಡ್ಡಿನ ಉಳಿದ ತುಂಡಿನ ಮೇಲೆ ಅವಳು ಮನೆಯ ಕಡೆ ನಡೆದಳು. ಯಾರೂ ಅವಳನ್ನು ಕೂಗಿ ಕರೆಯಲಿಲ್ಲ.